ಗದ್ದೆಯ ಆ ಕೊನೆಗೆ ಯಾರು?

ನಾಟಿ ಕೆಲಸಕ್ಕೆ ಹೊಸದಾಗಿ ಇಳಿಯುವ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಒಂದೇ ಮಾತು. ಸೊಂಟ ನೋಯದ ಹಾಗೆ ಪೈರು ಊರುವುದು ಹೇಗೆ ಅಂತ. ಸೊಂಟ ನೋಯುತ್ತದೆ. ಅದಕ್ಕೆ ಉಪಾಯವಿಲ್ಲ. ನೋಯುವುದಿಲ್ಲ ಅಂತ ಯಾರಾದರೂ ಹೇಳಿದರೆ ಅವರು ಯಾವತ್ತೂ ಬದುವಿನಿಂದ ಕೆಳಗೆ ಇಳಿದವರಲ್ಲ ಅಂತ ತಿಳಿದುಕೊಳ್ಳಿ.

ಕೇಳಬೇಕಾದ ಮಾತು ಬೇರೆ ಇದೆ. ಅದನ್ನು ಯಾರೂ ಕೇಳುವುದಿಲ್ಲ. ತಂಡಕ್ಕೆ ಮುಂದಾಳಾಗಬೇಕು ಅನ್ನುವವಳು ತನ್ನ ಜೋಡಿಗೆ ಯಾರನ್ನು ಕರೆದುಕೊಳ್ಳಬೇಕು? ನನ್ನ ದುಡಿಮೆಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಈಗ ಮೊಳಕಾಲು ಮಡಚಲು ಬರುವುದಿಲ್ಲ, ಗದ್ದೆಗೆ ಇಳಿಯುವುದಿಲ್ಲ, ಕೂತು ಬರೆಯಲು ಹೊತ್ತಿದೆ. ನಾನು ಓದಿದ್ದು ಮಠದ ಜಗಲಿಯಲ್ಲಿ, ಮರಳಿನ ಮೇಲೆ ಅಕ್ಷರ ತೀಡುವಷ್ಟು. ಅದರಲ್ಲೇ ಬರೆಯುತ್ತೇನೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ನಮ್ಮ ತಂಡದ ರೀತಿ ಹೇಳಿಬಿಡುತ್ತೇನೆ. ಗೊತ್ತಿಲ್ಲದವರಿಗೆ ಮುಂದಿನದು ತಿಳಿಯುವುದಿಲ್ಲ. ನಾಟಿ ಹಾಕುವಾಗ ಹೆಂಗಸರು ಒಂದು ಸಾಲಾಗಿ ನಿಂತು ಹಿಂದಕ್ಕೆ ಹೆಜ್ಜೆ ಇಡುತ್ತಾ ಪೈರು ಊರುತ್ತಾರೆ. ಸಾಲಿನ ಈ ಕೊನೆಯಲ್ಲಿ, ಬದುವಿನ ಪಕ್ಕ, ಮುಂದಾಳು. ಆ ಕೊನೆಯಲ್ಲಿ ಅವಳ ಜೋಡಿಯಾಳು. ಎರಡು ಕೊನೆಯೂ ಒಂದೇ ಹದದಲ್ಲಿ ಹಿಂದೆ ಸರಿದರೆ ನಡುವಿನವರೂ ಸರಿಯುತ್ತಾರೆ, ಸಾಲು ನೆಟ್ಟಗೆ ಬರುತ್ತದೆ. ಒಬ್ಬಳು ಓಡಿ ಒಬ್ಬಳು ಕುಂಟಿದರೆ ಸಾಲು ಓರೆಯಾಗುತ್ತದೆ, ನಡುವಿನವರು ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿಕೊಳ್ಳುತ್ತಾರೆ. ಗದ್ದೆಯವರ ಹತ್ತಿರ ಮಾತಾಡುವವಳು ಮುಂದಾಳು. ಮುಂದಾಳಿನ ಕಿವಿಗೆ ಉಳಿದವರ ಮಾತು ಮುಟ್ಟಿಸುವವಳು ಜೋಡಿಯಾಳು. ಮುಂದಾಳು ಹಾಸಿಗೆ ಹಿಡಿದರೆ ಮಾರನೆಯ ದಿನ ಈ ಕೊನೆಗೆ ಬಂದು ನಿಲ್ಲಬೇಕಾದವಳೂ ಅವಳೇ.

ಆದ್ದರಿಂದ ನಮ್ಮಲ್ಲಿ ಮುಂದಾಳಾಗಬೇಕು ಅನ್ನುವವಳು ಒಬ್ಬಳೇ ಬಂದು ಕೇಳುವಂತಿರಲಿಲ್ಲ. ಜೋಡಿಯಾಳನ್ನು ಕರೆದುಕೊಂಡೇ ಬರಬೇಕು. ಆ ವರ್ಷದ ಮೊದಲ ಗದ್ದೆಯಲ್ಲಿ ಇಬ್ಬರೂ ಪೈರಿನ ಕಟ್ಟು ಹಿಡಿದು ಎರಡು ಕೊನೆಗೆ ನಿಲ್ಲಬೇಕು. ಒಪ್ಪಿದವರು ಕೆಸರಿಗೆ ಇಳಿದು ಅವರ ನಡುವೆ ನಿಲ್ಲುತ್ತಾರೆ. ಇನ್ನೊಂದು ಜೋಡಿ ಇದ್ದರೆ ಅದು ಪಕ್ಕದ ಮಡಿಯಲ್ಲಿ, ಅಂದರೆ ಬದುವಿನಾಚೆಯ ತಾಕಿನಲ್ಲಿ, ನಿಲ್ಲುತ್ತದೆ. ಯಾರ ನಡುವೆ ಹೆಚ್ಚು ಜನವೋ ಅವರದೇ ತಂಡ. ಕೈ ಎತ್ತುವುದಿಲ್ಲ, ಕೂಗುವುದಿಲ್ಲ. ಕಾಲೇ ಹೇಳುತ್ತದೆ.

ನಮ್ಮ ತಂಡದಲ್ಲಿ ಎರಡು ಕಡೆಯವರಿದ್ದರು. ಅರ್ಧ ನಮ್ಮ ನರಸೀಪುರದ ಕಡೆಯವರು, ಅರ್ಧ ನಂಜನಗೂಡಿನ ಕಡೆಯವರು. ಎರಡು ಕಡೆಯ ನಾಲೆಗೂ ನೀರು ಒಂದೇ ದಿನ ಬರುವುದಿಲ್ಲ. ನಮ್ಮ ನಾಟಿ ಮುಗಿಯುವ ಹೊತ್ತಿಗೆ ಅವರ ಬಯಲು ಹದವಾಗುತ್ತಿತ್ತು. ಕಪಿಲೆಯ ದಡ ಹಿಡಿದು ಅವರು ಕೆಳಕ್ಕೆ ಬರುತ್ತಿದ್ದರು, ತಲಕಾಡಿನವರೆಗೆ ನಾಟಿ ಹಾಕಿ, ಆಮೇಲೆ ಅವರ ಜೊತೆ ನಾವು ಮೇಲಕ್ಕೆ ಹೋಗುತ್ತಿದ್ದೆವು. ಒಟ್ಟಿಗೆ ಬಗ್ಗುತ್ತಿದ್ದೆವು, ಬುತ್ತಿ ಬಿಚ್ಚುವಾಗ ಮಾತ್ರ ಅವರದೊಂದು ಬದು, ನಮ್ಮದೊಂದು ಬದು. ತಂಡ ಒಡೆದರೆ ಎರಡು ಕಡೆಯವರಿಗೂ ಕೆಲಸ ಅರ್ಧವಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೂ ಮುಂದಾಳು ಸದಾ ನಮ್ಮ ಕಡೆಯವಳೇ, ಜೋಡಿಯಾಳೂ ನಮ್ಮ ಕಡೆಯವಳೇ.

ನಾನು ಸೇರಿದಾಗ ಮುಂದಾಳು ದೊಡ್ಡತಾಯಮ್ಮ. ಕೆಲಸದಲ್ಲಿ ಅವಳಂಥವಳನ್ನು ನಾನು ಮತ್ತೆ ನೋಡಲಿಲ್ಲ. ನೀರಿನಲ್ಲಿ ಬೆರಳಿಟ್ಟರೆ ಪೈರು ತಾನೇ ನೆಟ್ಟಗೆ ನಿಲ್ಲುತ್ತಿತ್ತು. ಆದರೆ ಜೋಡಿಗೆ ತಂಗಿ ಚಿಕ್ಕತಾಯಮ್ಮನನ್ನು ಇಟ್ಟುಕೊಂಡಿದ್ದಳು. ಅಕ್ಕ ಏನಂದರೂ ತಂಗಿ "ಊ ಕಣಕ್ಕ" ಅನ್ನುವುದು. ಒಂದು ವರ್ಷ ದೊಡ್ಡತಾಯಮ್ಮ ಬನ್ನೂರಿನ ಕಡೆಯ ಇಬ್ಬರು ಗದ್ದೆಯವರಿಗೆ ಒಂದೇ ವಾರಕ್ಕೆ ಮಾತು ಕೊಟ್ಟುಬಿಟ್ಟಳು. ಆಗುವ ಕೆಲಸವಲ್ಲ. ನಾವೆಲ್ಲ ಚಿಕ್ಕತಾಯಮ್ಮನ ಹತ್ತಿರ ಹೇಳಿದೆವು, "ನಿಮ್ಮಕ್ಕಂಗೆ ಏಳವ್ವ, ನಾವು ಮನುಸ್ರು" ಅಂತ. ಅವಳು ಹೇಳಲಿಲ್ಲ. ಅಕ್ಕನಿಗೆ ಬೇಜಾರಾಗುತ್ತದಂತೆ. ಕೊನೆಗೆ ಒಂದು ಮಧ್ಯಾಹ್ನ ಅರ್ಧ ಜನ ಕೈ ತೊಳೆದುಕೊಂಡು ಎದ್ದುಹೋದರು. ಕಿತ್ತಿಟ್ಟ ಪೈರು ಬದುವಿನ ಮೇಲೆ ಹಳದಿಯಾಯಿತು. ಬನ್ನೂರಿನವರು ಮತ್ತೆ ನಮ್ಮನ್ನು ಕರೆಯಲಿಲ್ಲ. ದೊಡ್ಡತಾಯಮ್ಮ ಅವತ್ತು ಕೇಳಿದ್ದು ಒಂದೇ: "ನಂಗ್ಯಾಕೆ ಯಾರೂ ಏಳ್ನಿಲ್ಲ?" ಹೇಳಬೇಕಾದವಳು ಪಕ್ಕದಲ್ಲೇ ತಲೆ ಬಗ್ಗಿಸಿ ನಿಂತಿದ್ದಳು.

ಆಮೇಲೆ ದೊಡ್ಡತಾಯಮ್ಮನ ಮಂಡಿ ಹೋಯಿತು. ಮುಂದಿನ ವರ್ಷ ನಾನು ಇಳಿಯುವುದಿಲ್ಲ ಅಂದಳು. ಮುಂದಾಳಿನ ಜಾಗಕ್ಕೆ ಚಿಕ್ಕತಾಯಮ್ಮ ತಾನೇ ನಿಲ್ಲುತ್ತೇನೆ ಅಂದಳು. ಜೋಡಿಗೆ ದೇವೀರಮ್ಮನನ್ನು ಕರೆದಳು. ದೇವೀರಮ್ಮ ಹಾಡಿನವಳು. ಅವಳು ಒಂದು ಪದ ಎತ್ತಿಕೊಂಡರೆ ಜನ ಬೆನ್ನು ನೋವು ಮರೆಯುತ್ತಿದ್ದರು. ಚಿಕ್ಕತಾಯಮ್ಮನಿಗೆ ಅಷ್ಟು ಬುದ್ಧಿ ಇತ್ತು. ತನ್ನಲ್ಲಿ ಇಲ್ಲದ್ದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

ಅವಳ ಎದುರಿಗೆ ನಿಲ್ಲಬೇಕು ಅಂತ ನನಗೆ ಅನ್ನಿಸಿತು. ಯಾಕೆ ಅಂತ ಕೇಳಿದರೆ, ಹಳದಿಯಾದ ಆ ಪೈರನ್ನು ಕಿತ್ತವರಲ್ಲಿ ನಾನೂ ಒಬ್ಬಳು. ಇನ್ನೊಂದು ಸಲ ಹಾಗೆ ಕೀಳಲು ಮನಸ್ಸಿರಲಿಲ್ಲ. ಆಸೆಯೂ ಇತ್ತು. ಇಲ್ಲ ಅಂದರೆ ಸುಳ್ಳು.

ನನ್ನ ಮನೆಯಲ್ಲೇ ಜೋಡಿಯಾಳು ಇದ್ದಳು ಅಂತ ಊರೆಲ್ಲ ತಿಳಿದಿತ್ತು. ನನ್ನ ನಾದಿನಿ ಜವರಮ್ಮ. ಗಂಡ ಸತ್ತ ಮೇಲೆ ನಮ್ಮ ಜೊತೆಗೇ ಇದ್ದಳು. ನನ್ನ ಪಕ್ಕದಲ್ಲೇ ನಾಟಿ ಕಲಿತವಳು, ನಾನು ಬಾಣಂತನ ಮುಗಿಸಿ ಗದ್ದೆಗೆ ಹೋದಾಗ ನನ್ನ ಮಕ್ಕಳನ್ನು ನೋಡಿಕೊಂಡವಳು. ನಮ್ಮ ಕೇರಿಯ ಹೆಂಗಸರು ಅವಳು ಕಾಲಿಟ್ಟ ಕಡೆ ಕಾಲಿಡುತ್ತಿದ್ದರು. ಒಳ್ಳೆಯವಳು. ಇದಿಷ್ಟೂ ನಿಜ. ಆದರೆ ನಾನು ಸಾರಿಗೆ ಉಪ್ಪು ಹೆಚ್ಚು ಹಾಕಿದರೂ ಉಣ್ಣುವವಳು. ಇದೂ ನಿಜ.

ದೊಡ್ಡತಾಯಮ್ಮನ ಹತ್ತಿರ ಹೋಗಿ ಕೇಳಿದೆ. ಮಂಡಿಗೆ ಹರಳೆಣ್ಣೆ ಹಚ್ಚಿಕೊಂಡು ಕೂತಿದ್ದಳು.

"ನೋಡು ಮಾದಿ, ತಂಗೀನ ನಂಬಿ ನಾ ಕೆಟ್ಟೆ. ನೀನು ಆ ತಪ್ಪು ಮಾಡ್ಬ್ಯಾಡ" ಅಂದಳು.

"ಮತ್ತೆ ಯಾರ್ನ ಕರೀಲವ್ವ?"

"ಅದ್ಯಾಕೆ, ನಿನ್ ನಾದಿನಿ ಇಲ್ವಾ!"

ಅವಳು ಕಲಿತದ್ದು ಅಷ್ಟೇ. ತಂಗಿ ಬೇಡ, ನಾದಿನಿ ಆಗಬಹುದು.

ಅಷ್ಟರಲ್ಲಿ ಪಟೇಲರ ಮನೆಯಿಂದ ಹೇಳಿಕಳಿಸಿದರು. ನಾಲೆ ಬಯಲಿನಲ್ಲಿ ಒಳ್ಳೆಯ ಗದ್ದೆಗಳೆಲ್ಲ ಅವರವೇ. ಅವರ ಹಟ್ಟಿಯಲ್ಲಿ ಕೊಟ್ಟಿಗೆ ಕೆಲಸ ಮಾಡುವ ಹೆಂಗಸನ್ನು ನಾನು ಜೋಡಿಗೆ ಕರೆದರೆ ಅವರ ಗದ್ದೆಗಳ ನಾಟಿಯೆಲ್ಲ ನನಗೇ ಅಂತ. ಆ ಹೆಂಗಸು ಕೆಟ್ಟವಳಲ್ಲ. ಆದರೆ ನಾವು ಬದುವಿನ ಮೇಲೆ ಆಡಿದ ಮಾತು ಸಂಜೆಯೊಳಗೆ ಪಟೇಲರ ಪಡಸಾಲೆಯಲ್ಲಿ ಇರುತ್ತಿತ್ತು. ಆಲೋಚನೆ ಮಾಡಿ ಹೇಳುತ್ತೇನೆ ಅಂದೆ. ಹಾಗಂದರೆ ಆಗುವುದಿಲ್ಲ ಅಂತ ಪಟೇಲರಿಗೂ ತಿಳಿಯುತ್ತದೆ.

ಕೆಲವು ದಿನ ಯೋಚಿಸಿದೆ. ಕಳೆ ಕೀಳುವಾಗ, ರಾಗಿ ಬೀಸುವಾಗ. ನನ್ನ ಕೈಯಲ್ಲಿ ಏನು ಆಗುವುದಿಲ್ಲ ಅಂತ ಒಂದೊಂದೇ ನೆನೆಸಿಕೊಂಡೆ. ನಂಜನಗೂಡಿನ ಕಡೆಯ ಹೆಂಗಸರು ನನ್ನನ್ನು ನಂಬುವುದಿಲ್ಲ. ಗದ್ದೆಯವರು ನಯವಾಗಿ ಮಾತಾಡಿದರೆ ನಾನು ಬೇಗ ಒಪ್ಪಿಬಿಡುತ್ತೇನೆ. ಈ ಎರಡನ್ನೂ ತುಂಬಬಲ್ಲವಳು ಒಬ್ಬಳೇ, ನಂಜನಗೂಡಿನಾಚೆ ಹುಲ್ಲಹಳ್ಳಿ ನಾಲೆಯ ಬಯಲಿನ ಕೆಂಪಮ್ಮ. ಅವಳಿಗೂ ನನಗೂ ಆಗುತ್ತಿರಲಿಲ್ಲ. ಹಿಂದೊಮ್ಮೆ ನನ್ನ ಸಾಲು ಓರೆಯಾದಾಗ "ಎತ್ತು ಉಚ್ಚೆ ಉಯ್ದಂಗದೆ" ಅಂತ ತಂಡದ ಎದುರಿಗೇ ಅಂದಿದ್ದಳು. ಹಾಗೆಯೇ ಇತ್ತು ಅನ್ನುವುದು ಬೇರೆ ಮಾತು.

ನಡೆದುಕೊಂಡು ಅವಳ ಊರಿಗೆ ಹೋದೆ. ಹಿತ್ತಿಲ ಗೋಡೆಗೆ ಬೆರಣಿ ತಟ್ಟುತ್ತಿದ್ದಳು. ಕೂತುಕೋ ಅನ್ನಲಿಲ್ಲ.

"ಏನ್ ಮಾದಕ್ಕ, ನರಸೀಪುರದೋರು ಇಲ್ಲೀಗಂಟ ಬಂದ್ಬುಟ್ರಿ. ದ್ಯಾವರ ದರುಸನಕ್ಕಾ?"

"ನಿನ್ ದರುಸನಕ್ಕೇಯ."

"ಅಂಗಾರೆ ಅಣ್ಣುಕಾಯಿ ಎಲ್ಲಿ?"

ನಗಲಿಲ್ಲ. ನಾನೂ ನಗಲಿಲ್ಲ. ಬಂದ ವಿಷಯ ಹೇಳಿದೆ. ಅವಳು ಇನ್ನೂ ಎರಡು ಬೆರಣಿ ತಟ್ಟಿದಳು.

"ನಮ್ ಜನ ಬೇಕಾ, ನಾನು ಬೇಕಾ?"

"ಎರಡೂ ಬೇಕು. ಬರೀ ನಿನ್ನ ಮೊಕ ನೋಡೋಕೆ ಯಾರು ಬತ್ತಾರೆ?"

ಆಗ ಸ್ವಲ್ಪ ನಕ್ಕಳು. ಆಮೇಲೆ ತನ್ನ ಮಾತು ಇಟ್ಟಳು. "ನಮ್ ಕಡೆ ಗದ್ದೇಲಿ ಗದ್ದೆಯೋರ ತಾವ ನಾ ಮಾತಾಡ್ತೀನಿ. ನೀವು ಸುಮ್ಕೆ ನಿಂತಿರ್ಬೇಕು."

"ಆಯ್ತು."

"ನೀವು ತೆಪ್ಪು ಮಾಡುದ್ರೆ ಏಳ್ತೀನಿ."

"ಏಳು. ಆದ್ರೆ ನಾಕು ಜನದ ಮುಂದೆ ಬ್ಯಾಡ."

"ಮೊದ್ಲು ಕಿವೀಲಿ ಏಳ್ತೀನಿ. ಕ್ಯೋಳ್ನಿಲ್ಲ ಅಂದ್ರೆ ಗದ್ದೇಲಿ ಏಳ್ತೀನಿ."

ಅದನ್ನು ಅಲ್ಲಿಗೇ ಬಿಟ್ಟೆ. ಬೇರೆ ಕೇಳಿದೆ. "ನಂಗೇನಾರ ಆದ್ರೆ ತಂಡ ನಡುಸ್ತೀಯಾ?"

"ಈಗ್ಲೂ ನಡುಸ್ತೀನಿ, ನೀವು ಪಕ್ಕಕ್ಕೆ ಸರುದ್ರೆ."

ಕೋಪ ಬಂತು. ಎದ್ದು ಬಂದುಬಿಡೋಣ ಅನ್ನಿಸಿತು, ಆದರೆ ಕೂತೇ ಇರಲಿಲ್ಲವಲ್ಲ. ಜವರಮ್ಮನನ್ನು ಇದೇ ಮಾತು ಕೇಳಿದ್ದರೆ ಅವಳು "ಬುಡ್ತು ಅನ್ನಿ ಅತ್ಗೆ, ನಿಮಗ್ಯಾಕೆ ಏನಾರ ಆಗ್ಬೇಕು" ಅಂತ ಕಣ್ಣಲ್ಲಿ ನೀರು ಹಾಕುತ್ತಿದ್ದಳು. ಕಣ್ಣೀರು ಸಾಲು ಹಿಡಿಯುವುದಿಲ್ಲ. ಆಯಿತು ಬಾ ಅಂತ ಕೆಂಪಮ್ಮನಿಗೆ ಹೇಳಿ ಬಂದೆ.

ಹೊಸದಾಗಿ ಮುಂದಾಳಾಗುವವರು ಇದೊಂದು ಗಮನದಲ್ಲಿಡಿ. ಜೋಡಿಗೆ ಒಬ್ಬಳನ್ನು ಕರೆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕರೆಯದೆ ಬಿಟ್ಟವಳು ಇರುತ್ತಾಳೆ. ನಾನು ಮನೆಗೆ ಬಂದು ಮುಟ್ಟುವುದರೊಳಗೆ ಸುದ್ದಿ ಬಾವಿಕಟ್ಟೆಗೆ ಬಂದಿತ್ತು. ಜವರಮ್ಮ ಒಲೆ ಮುಂದೆ ಮುದ್ದೆ ತೊಳಸುತ್ತಿದ್ದಳು. ಕೋಲು ತಿರುಗಿಸುವುದು ನಿಲ್ಲಿಸಲಿಲ್ಲ.

"ಆ ನಂಜನಗೂಡೋಳ್ನ ಕರುದ್ರಂತೆ."

"ಊ."

"ಆಗ್ಲಿ ಬುಡಿ."

ಮುದ್ದೆ ಬಡಿಸಿದಳು. ಆಮೇಲೆ ನಾಟಿಯ ದಿನದವರೆಗೆ ಬೇಕಾದ್ದಕ್ಕಷ್ಟೇ ಮಾತು. ಉಪ್ಪೆಲ್ಲಿ, ಬಿಂದಿಗೆ ಎಲ್ಲಿ, ಅಷ್ಟೇ. ಅವಳು ಚಿಕ್ಕತಾಯಮ್ಮನ ಮನೆಗೆ ಹೋಗಿ ಬರುತ್ತಾಳೆ ಅಂತ ಕೇರಿಯವರು ಹೇಳಿದರು. ನಾನು ಕೇಳಲಿಲ್ಲ. ಆದರೆ ನನಗೆ ಲೆಕ್ಕ ತಿಳಿಯುತ್ತಿತ್ತು. ದೇವೀರಮ್ಮನ ಹಾಡಿಗೆ ಮನಸೋತವರು ಅತ್ತ. ಕೆಂಪಮ್ಮನ ಕಡೆಯವರು ಇತ್ತ. ನಮ್ಮ ಕೇರಿಯವರು ಜವರಮ್ಮ ಹೋದತ್ತ. ಅವಳು ಅತ್ತ ಹೋದರೆ ನನ್ನ ಕತೆ ಮುಗಿಯಿತು. ಅಷ್ಟೇ ಅಲ್ಲ, ಕೆಂಪಮ್ಮನ ಜನ ಸಿಟ್ಟಾಗಿ ಮೇಲಕ್ಕೆ ನಡೆದುಬಿಡುತ್ತಾರೆ, ತಂಡವೂ ಒಡೆಯುತ್ತದೆ.

ಮೊದಲ ಗದ್ದೆ ಪಟೇಲರದು. ಅವರೂ ಕೊಡೆ ಹಿಡಿದು ಬಂದು ಬದುವಿನ ಮೇಲೆ ನಿಂತಿದ್ದರು. ಒಂದು ಮಡಿಯಲ್ಲಿ ಚಿಕ್ಕತಾಯಮ್ಮ, ದೇವೀರಮ್ಮ. ಪಕ್ಕದ ಮಡಿಯಲ್ಲಿ ನಾನು, ಆ ಕೊನೆಗೆ ಕೆಂಪಮ್ಮ. ದೇವೀರಮ್ಮ ಆಗಲೇ ಪದ ಎತ್ತಿಕೊಂಡಿದ್ದಳು. ಅವಳನ್ನು ಮೆಚ್ಚಿದವರು ಸೆರಗು ಸಿಕ್ಕಿಸಿಕೊಂಡು ಅತ್ತ ಇಳಿದರು. ನಂಜನಗೂಡಿನವರು ಕೆಂಪಮ್ಮನ ಕಡೆಯಿಂದ ಇಳಿದು ನಮ್ಮ ನಡುವೆ ನಿಂತರು. ನಮ್ಮ ಕೇರಿಯವರು ಬದುವಿನ ಮೇಲೆ, ಜವರಮ್ಮನ ಸುತ್ತ. ಅವಳು ಇಳಿಯಲಿಲ್ಲ.

ಹಿಂದಿನ ರಾತ್ರಿ ಮಳೆ ಬಿದ್ದು ಮಡಿಯಲ್ಲಿ ನೀರು ಹೆಚ್ಚಿತ್ತು. ಮೀನಖಂಡದವರೆಗೆ ನೀರು ನಿಂತಲ್ಲಿ ಪೈರು ಊರಿದರೆ ಬೇರು ಕಚ್ಚುವುದಿಲ್ಲ, ತೇಲಿ ಬರುತ್ತದೆ. ಕೂಸಿಗೂ ಗೊತ್ತಿರುವ ವಿಷಯ. ನನಗೂ ಕಾಣುತ್ತಿತ್ತು. ಆದರೆ ಬದು ಕಡಿದು ನೀರು ಬಿಟ್ಟರೆ ಅರ್ಧ ದಿನ ಹೋಗುತ್ತದೆ, ಗೊಬ್ಬರದ ಸಾರವೂ ಹೋಗುತ್ತದೆ ಅಂತ ಪಟೇಲರಿಗೆ ಆತುರ.

"ಏನಮ್ಮ ಮಾದಮ್ಮ, ಶುರು ಮಾಡ್ತೀಯೋ, ಇಲ್ಲ ಮೊಕ ನೋಡ್ತಾ ನಿಂತಿರ್ತೀಯೋ?"

"ಮಾಡ್ತೀವಿ ಬುದ್ಧಿ" ಅಂದೆ. ನಯವಾಗಿ ಸಹ ಕೇಳಿರಲಿಲ್ಲ ಅವರು. ಆದರೂ ಒಪ್ಪಿಬಿಟ್ಟೆ.

ಕೆಂಪಮ್ಮ ಕೆಸರು ತುಳಿದುಕೊಂಡು ಆ ಕೊನೆಯಿಂದ ಈ ಕೊನೆಗೆ ಬಂದಳು. ಕಿವಿಯ ಹತ್ತಿರ ಬಾಯಿಟ್ಟಳು. "ನೀರು ಬುಡ್ಸಿ. ತೇಲ್ತದೆ."

"ಇವತ್ತೊಂದಿನ ಸುಮ್ಕಿರು. ಜನ ಇಳೀಲಿ ಮೊದ್ಲು" ಅಂದೆ.

ಅವಳು ಅಲ್ಲೇ ನಿಂತಳು. ಸೊಂಟದ ಮೇಲೆ ಕೈಯಿಟ್ಟುಕೊಂಡು, ಹೊಳೆಯಾಚೆಗೆ ಕೇಳುವ ಹಾಗೆ ಕೂಗಿದಳು. "ಮಾದಕ್ಕ, ಈ ನೀರಲ್ಲಿ ನಾಟಿ ನಿಲ್ಲಲ್ಲ. ನೀರು ಬುಡ್ಸುದ್ರೆ ನಾನು ಆ ಕೊನೇಲಿರ್ತೀನಿ. ಇಲ್ದಿದ್ರೆ ಈ ಕಟ್ಟು ನೀವೇ ಇಟ್ಕಳಿ."

ದೇವೀರಮ್ಮನ ಹಾಡು ನಿಂತಿತು. ಪಟೇಲರು ಕೊಡೆಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡರು.

"ಇಲ್ಲಿ ಮುಂದಾಳು ಯಾರಮ್ಮ, ನೀನೋ ಅವಳೋ?"

ಅವತ್ತಿನಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿರಲಿಲ್ಲ. ಕಟ್ಟನ್ನು ಕೆಂಪಮ್ಮನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಆದರೆ ಕಾಲು ನೀರಿನಲ್ಲಿತ್ತು. ನೀರು ಎಷ್ಟಿದೆ ಅಂತ ಕಾಲಿಗೆ ಗೊತ್ತಿತ್ತು.

"ಮಾತು ಅವಳ್ದು ಬುದ್ಧಿ. ತೀರ್ಮಾನ ನಂದು. ಬದು ಕಡ್ಸಿ, ನೀರು ಬುಡ್ಸಿ" ಅಂದೆ.

ಪಕ್ಕದ ಮಡಿಯಿಂದ ಚಿಕ್ಕತಾಯಮ್ಮ, "ನಾವು ಆಕ್ತೀವಿ ಬುದ್ಧಿ, ನಮ್ಗೇನೂ ತೊಂದ್ರೆ ಇಲ್ಲ" ಅಂದಳು. ಪಟೇಲರು ಅವಳ ಕಡೆ ತಿರುಗಿ ನಿಂತರು.

ಆಗ ಬದುವಿನ ಮೇಲಿಂದ ಜವರಮ್ಮ ಇಳಿದಳು. ಮೊದಲು ಚಿಕ್ಕತಾಯಮ್ಮನ ಮಡಿಯ ನೀರಿಗೆ ಕಾಲಿಟ್ಟು ನೋಡಿದಳು. ಆಮೇಲೆ ಬದು ದಾಟಿ ನಮ್ಮ ಮಡಿಗೆ ಬಂದು ನನ್ನ ಪಕ್ಕದಲ್ಲಿ ನಿಂತಳು. ನನ್ನ ಕಡೆ ನೋಡದೆ ಹೇಳಿದಳು. "ನಿಮ್ ಮೊಕ ನೋಡ್ಕಂಡು ಬತ್ತಿಲ್ಲ ಅತ್ಗೆ. ನನ್ ಸೊಂಟ ನೋಡ್ಕಂಡು ಬತ್ತಿವ್ನಿ. ತೇಲಿದ್ದ ನಾಳೆ ಮತ್ತೆ ಊರೋರು ಯಾರು? ಪಟೇಲ್ರು ಬಗ್ತಾರಾ?"

ಕೇರಿಯವರು ನಕ್ಕರು. ನಗುತ್ತಾ ಇಳಿದರು. ಹೆಚ್ಚು ಜನ ನಮ್ಮ ಮಡಿಯಲ್ಲೇ ಅಂತ ಕಂಡು ಪಟೇಲರು ಕೊಡೆಯಲ್ಲೇ ಸನ್ನೆ ಮಾಡಿದರು, ಅವರ ಆಳು ಗುದ್ದಲಿ ತಂದು ಬದು ಕಡಿದ. ನೀರು ಹರಿದು ಹೋಗುವವರೆಗೂ ನಾವೆಲ್ಲ ಕೆಸರಿನಲ್ಲೇ ನಿಂತಿದ್ದೆವು. ಎದ್ದು ಹೋದರೆ ಒಪ್ಪಿಗೆ ಕೆಟ್ಟೀತು ಅಂತ ಯಾರೂ ಕದಲಲಿಲ್ಲ. ಹಾಗೆ ನಾನು ಮುಂದಾಳಾದೆ.

ಕೆಂಪಮ್ಮನೂ ನಾನೂ ಬಹಳ ವರ್ಷ ಎರಡು ಕೊನೆಗೆ ನಿಂತೆವು. ಗೆಳತಿಯರಾಗಲಿಲ್ಲ. ಅವಳ ಬಾಯಿಗೆ ಹೆದರಿ ಒಳ್ಳೆಯ ಕೈಗಳು ಕೆಲವು ಬಿಟ್ಟುಹೋದವು. ದೇವೀರಮ್ಮ ಒಂದು ವರ್ಷ ನಮ್ಮ ಜೊತೆ ಇದ್ದು, ಹಾಡುವಾಗ "ಕೈ ಆಡ್ಲಿ, ಬಾಯಲ್ಲ" ಅಂತ ಕೆಂಪಮ್ಮ ಅಂದದ್ದಕ್ಕೆ ಹೋಗಿಬಿಟ್ಟಳು. ಆ ಹಾಡು ಇಲ್ಲದೆ ಕೆಲಸ ಭಾರವಾಯಿತು. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸರಿಯಾದವಳನ್ನು ಆರಿಸಿದರೂ ನಷ್ಟ ಇರುತ್ತದೆ.

ಆಮೇಲೆ ಬೇಸಾಯದ ಇಲಾಖೆಯವರೊಬ್ಬರು ಬಂದು, ಹಿಡಿ ಹಿಡಿ ಊರಬೇಡಿ, ಒಂದೊಂದೇ ಪೈರು ಅಂತರ ಬಿಟ್ಟು ಊರಿ ಅಂದರು. ಕೆಂಪಮ್ಮ ಮಾಡೋಣ ಅಂದಳು. ಕಿವಿಯಲ್ಲೂ ಹೇಳಿದಳು, ಗದ್ದೆಯಲ್ಲೂ ಹೇಳಿದಳು. ನಾನು ಒಪ್ಪಲಿಲ್ಲ. ಎರಡು ಕಡೆ ಒಂದೊಂದು ಮಡಿಯಲ್ಲಿ ಮಾತ್ರ ಹಾಕಿ ನೋಡಿದೆವು. ಹೊಳೆಯ ಮೆಕ್ಕಲು ಇದ್ದಲ್ಲಿ ಬುಡದಿಂದ ಕವಲೊಡೆದು ಚೆನ್ನಾಗಿ ತೆಂಡೆ ಹೊಡೆಯಿತು, ಚೌಳು ನೆಲದಲ್ಲಿ ಬೋಳಾಯಿತು. ಅವಳು ತನ್ನದೇ ಸರಿ ಅಂದಳು, ನಾನು ನನ್ನದೇ ಸರಿ ಅಂದೆ. ಈಗಿನವರು ಎಲ್ಲ ಕಡೆಯೂ ಕಡಿಮೆ ಪೈರೇ ಊರುತ್ತಾರೆ. ನಾನು ಜ್ವರ ಬಂದು ಮಲಗಿದ ವರ್ಷ ಅವಳು ಈ ಕೊನೆಗೆ ಬಂದು ನಿಂತು ಪೂರ್ತಿ ನಾಟಿ ಮುಗಿಸಿದಳು. ಒಂದು ಗದ್ದೆಯೂ ಬಿಟ್ಟುಹೋಗಲಿಲ್ಲ. ಕೇಳಿ ಸಮಾಧಾನ ಆಗಬೇಕಿತ್ತು. ನನ್ನನ್ನು ಯಾರೂ ಹುಡುಕಲಿಲ್ಲವಲ್ಲ ಅನ್ನುವುದೇ ಮೊದಲು ಅನ್ನಿಸಿತು. ನಾನು ಇಳಿಯುವುದು ಬಿಟ್ಟ ಮೇಲೆ ತಂಡ ಅವಳದಾಯಿತು.

ಜವರಮ್ಮ ಸಾಯುವ ಮುಂಚಿನ ವರ್ಷ ನಾವಿಬ್ಬರೂ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಇಬ್ಬರಿಗೂ ಹಲ್ಲು ಹೋಗಿತ್ತು, ಹೆದರಿಕೆಯೂ ಹೋಗಿತ್ತು. ಕೇಳಿಯೇಬಿಟ್ಟೆ.

"ಜವರಿ, ಅವತ್ತು ಆ ಕೊನೇಲಿ ನೀನಿದ್ದಿದ್ರೆ ನೀರಿನ ವಿಸ್ಯ ಏಳ್ತಿದ್ಯಾ?"

"ಎಲ್ಲಿ ಏಳ್ತಿದ್ದೆ. ನೀವಂದಂಗೆ ಊರ್ಬುಟ್ಟು, ಅಟ್ಟೀಗೆ ಬಂದು ಒಲೆ ಮುಂದೆ ಬೈಕತಿದ್ದೆ."

"ಅದ್ಕೇ ಕಣೆ ನಿನ್ನ ಕರೀನಿಲ್ಲ."

"ಗೊತ್ತು. ನಂಗೂ ಅವಾಗ್ಲೇ ಗೊತ್ತಿತ್ತು, ಆ ಕೊನೇಗೆ ನಾ ಸರಿಯೋಗಲ್ಲ ಅಂತ. ಆದ್ರೂ ಒಂದು ಮಾತು ಕ್ಯೋಳ್ಬೌದಾಗಿತ್ತು ನೀವು."

"ಕೇಳಿದ್ರೆ ನೀನು ಊ ಅಂದ್ಬುಡ್ತಿದ್ದೆ, ಆಮ್ಯಾಕೆ ನಾ ಸಿಕ್ಕಾಕತಿದ್ದೆ."

"ಬ್ಯಾಡ ಅಂತಿದ್ದೆ ಅತ್ಗೆ. ಆದ್ರೆ ಬ್ಯಾಡ ಅಂದೋಳು ನಾನಾಗಿರ್ತಿದ್ದೆ. ಬಾವಿಕಟ್ಟೇಲಿ ಸುದ್ದಿ ಕ್ಯೋಳ್ದೋಳಾಗ್ತಿರ್ನಿಲ್ಲ."

ಕಾಯಿ ಬಿಡಿಸಿ ಮುಗಿಸಿದೆವು.

ಜೋಡಿಗೆ ಎಂಥವಳು ಬೇಕು ಅಂತ ಇಷ್ಟು ಹೊತ್ತು ಹೇಳಿದ್ದೇನೆ. ನಿಮ್ಮಲ್ಲಿ ಮುಂದಾಳಾಗುವವರು ಇನ್ನೊಂದು ಮಾಡಿ. ಕರೆಯುವವಳ ಮನೆಗೆ ಹೋಗುವುದಕ್ಕಿಂತ ಮುಂಚೆ, ಕರೆಯದೆ ಬಿಡುವವಳ ಮನೆಗೆ ಹೋಗಿ ಬನ್ನಿ. ನಾನು ಕೆಂಪಮ್ಮನನ್ನು ಕೇಳಲು ನರಸೀಪುರದಿಂದ ನಂಜನಗೂಡಿನಾಚೆಗೆ ನಡೆದಿದ್ದೆ. ಜವರಮ್ಮ ಇದ್ದದ್ದು ನನ್ನ ಮನೆಯಲ್ಲೇ, ನನ್ನ ಒಲೆಯ ಮುಂದೆಯೇ.